ಹರಾಜಾಗಲಿ, ಪಟ್ಟಿ ಉಳಿಯಲಿ

2023ರ ಮಾರ್ಚ್ 21ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಮನೆಯಲ್ಲಿ ಒಂದೇ ಒಂದು ಹಾಳೆ 27 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಅದು ಜಪಾನಿನ ಚಿತ್ರಕಾರ ಹೊಕುಸಾಯ್‌ನ ಮರದಚ್ಚಿನ ಚಿತ್ರ. ಎದ್ದು ನಿಂತ ಅಲೆಯ ಬಾಯಿಗೆ ಸಿಕ್ಕ ದೋಣಿಗಳು, ದೂರದಲ್ಲಿ ಪುಟ್ಟದಾಗಿ ಕಾಣುವ ಫ್ಯೂಜಿ ಬೆಟ್ಟ. ಟೀ ಕಪ್ಪಿನಿಂದ ಟೀ ಶರ್ಟಿನವರೆಗೆ ಎಲ್ಲೆಲ್ಲೂ ಕಾಣುವ, 2024ರಲ್ಲಿ ಜಪಾನಿನ ಸಾವಿರ ಯೆನ್ ನೋಟಿನ ಬೆನ್ನ ಮೇಲೂ ಬಂದ ಆ ಪ್ರಸಿದ್ಧ ಅಲೆ. ಐದರಿಂದ ಏಳು ಲಕ್ಷ ಡಾಲರ್ ಬರಬಹುದೆಂದು ಹರಾಜು ಮನೆಯವರು ಅಂದಾಜು ಮಾಡಿದ್ದರು. ಸವಾಲು ಏರುತ್ತಾ ಹೋಗಿ ನಮ್ಮ ರೂಪಾಯಿ ಲೆಕ್ಕದಲ್ಲಿ ಇಪ್ಪತ್ತೆರಡು ಕೋಟಿ ದಾಟಿತು.

ಒಂದು ವರ್ಷ ಕಳೆಯಿತು. 2024ರ ಮಾರ್ಚ್‌ನಲ್ಲಿ ಅದೇ ಹರಾಜು ಮನೆಗೆ ಅದೇ ಸರಣಿಯ ಪೂರ್ತಿ ಸೆಟ್ ಬಂತು. 'ಫ್ಯೂಜಿ ಬೆಟ್ಟದ ಮೂವತ್ತಾರು ನೋಟಗಳು' ಎಂದು ಹೆಸರಿದ್ದರೂ ಜನ ಇಷ್ಟಪಟ್ಟರೆಂದು ಪ್ರಕಾಶಕ ಇನ್ನೂ ಹತ್ತನ್ನು ಸೇರಿಸಿದ್ದ. ಹಾಗಾಗಿ ಒಟ್ಟು 46 ಚಿತ್ರ. ಅಲೆಯೂ ಅದರೊಳಗೇ ಇತ್ತು. ನಲವತ್ತಾರೂ ಸೇರಿ ಹೋದದ್ದು 35 ಲಕ್ಷ 59 ಸಾವಿರ ಡಾಲರಿಗೆ.

ಅಂದರೆ ಒಂದು ಹಾಳೆಗೆ ಇಪ್ಪತ್ತೆರಡು ಕೋಟಿ, ಆ ಹಾಳೆಯ ಜೊತೆಗೆ ಅದರ ನಲವತ್ತೈದು ಒಡಹುಟ್ಟುಗಳೂ ಸೇರಿದರೆ ಇಪ್ಪತ್ತೊಂಬತ್ತು ಚಿಲ್ಲರೆ ಕೋಟಿ.

ಆ ಸೆಟ್ ಕೂಡಿಸಿದವರು ಭಾರತ ಮೂಲದವರು. ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಜಿತೇಂದ್ರ ಸಿಂಗ್, ಸುಮಾರು ಒಂದು ದಶಕ ಬೆನ್ನು ಬಿದ್ದು ಒಂದೊಂದೇ ಹಾಳೆ ಹುಡುಕಿ ಸರಣಿಯನ್ನು ಪೂರ್ತಿ ಮಾಡಿದ್ದರು. ಒಂದೇ ಚಿತ್ರದ ಎರಡು ಪ್ರತಿಗಳ ಗುಣಮಟ್ಟ ಬೇರೆ ಬೇರೆ ಇರುತ್ತದೆ, ಬೆಲೆಯೂ ಅದನ್ನೇ ಅವಲಂಬಿಸುತ್ತದೆ ಎಂಬುದು ನಿಜ. ಅಷ್ಟನ್ನು ಒಪ್ಪಿಕೊಂಡ ಮೇಲೂ ಮಾರುಕಟ್ಟೆ ಹೇಳಿದ್ದು ಸ್ಪಷ್ಟವಾಗಿದೆ. ಹೆಸರುವಾಸಿಯಾದ ಒಂದು ಚಿತ್ರಕ್ಕೆ ಅದು ಎಷ್ಟು ಬೇಕಾದರೂ ಕೊಡುತ್ತದೆ. ಚಿತ್ರಗಳನ್ನು ಕೂಡಿಸಿದ ಶ್ರಮಕ್ಕೆ, ತಿಳಿವಳಿಕೆಗೆ, ಕಣ್ಣಿಗೆ ಅದರ ಹತ್ತಿರ ದೊಡ್ಡ ಬೆಲೆಯಿಲ್ಲ.

ಖಾಸಗಿ ಸಂಗ್ರಹವೊಂದು ಹರಾಜಿಗೆ ಬಂತೆಂದರೆ ಕಲಾಪ್ರಿಯರು ಸಾಮಾನ್ಯವಾಗಿ ಮರುಗುತ್ತಾರೆ. ಮ್ಯೂಸಿಯಂಗೆ ಕೊಡಬಾರದಿತ್ತೇ ಎನ್ನುತ್ತಾರೆ. ಜಪಾನಿನ ಮರದಚ್ಚು ಚಿತ್ರಗಳ ಮಟ್ಟಿಗೆ ಈ ಮರುಕಕ್ಕೆ ಹೆಚ್ಚಿನ ಆಧಾರವಿಲ್ಲ. ಅವು ಹರಾಜಾಗುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ಹರಾಜಾಗುವ ರೀತಿಯಲ್ಲಿ. ಯಾರು, ಯಾವಾಗ, ಯಾವ ಪ್ರತಿಯನ್ನು, ಯಾವುದರ ಪಕ್ಕದಲ್ಲಿಟ್ಟು ಕೂಡಿಸಿದ್ದರು ಎಂಬುದರ ಪೂರ್ಣ ದಾಖಲೆ ಉಳಿಯದೆ ಸಂಗ್ರಹ ಚೆಲ್ಲಾಪಿಲ್ಲಿಯಾದರೆ ಆ ನಷ್ಟವನ್ನು ಯಾರೂ ತುಂಬಿಕೊಡಲಾರರು.

ಈ ಚಿತ್ರಗಳು ಹುಟ್ಟಿದ್ದೇ ಮಾರಾಟಕ್ಕೆ. ಎದೊ ಎಂದು ಕರೆಸಿಕೊಳ್ಳುತ್ತಿದ್ದ ಇಂದಿನ ಟೋಕಿಯೊದಲ್ಲಿ 1765ರ ಹೊತ್ತಿಗೆ ಸುಜುಕಿ ಹರುನೊಬು ಎಂಬ ಚಿತ್ರಕಾರ ಬಹುವರ್ಣದ ಮುದ್ರಣಕ್ಕೆ ದಾರಿ ತೆರೆದ. ಚಿತ್ರಕಾರ ಬರೆದುಕೊಟ್ಟದ್ದನ್ನು ಕೆತ್ತನೆಗಾರ ಚೆರ್ರಿ ಮರದ ಹಲಗೆಯ ಮೇಲೆ ಕೆತ್ತುತ್ತಿದ್ದ. ಸಾಮಾನ್ಯವಾಗಿ ಬಣ್ಣಕ್ಕೊಂದು ಅಚ್ಚು. ಅಚ್ಚು ಹಾಕುವವನು ಕೊಜೊ ಗಿಡದ ನಾರಿನ ಕಾಗದವನ್ನು ತೇವ ಮಾಡಿ ಅಚ್ಚಿನ ಮೇಲೆ ಹರಡಿ, ಬಿದಿರ ಸಿಪ್ಪೆ ಸುತ್ತಿದ ಬಾರೆನ್ ಎಂಬ ಬಿಲ್ಲೆಯಿಂದ ಬೆನ್ನು ತಿಕ್ಕಿ ಬಣ್ಣ ಹತ್ತಿಸುತ್ತಿದ್ದ. ಇಷ್ಟಕ್ಕೂ ಬಂಡವಾಳ ಹಾಕಿ, ಏನು ಓಡುತ್ತದೆ ಏನು ಓಡುವುದಿಲ್ಲ ಎಂದು ತೀರ್ಮಾನಿಸುತ್ತಿದ್ದವನು ಪ್ರಕಾಶಕ. ಕಬುಕಿ ನಟರು, ಚೆಲುವೆಯರು, ಸುಮೊ ಪೈಲ್ವಾನರು, ಪ್ರವಾಸದ ತಾಣಗಳು ಹೀಗೆ ಪೇಟೆಯ ಜನ ಕೇಳಿದ್ದೆಲ್ಲ ಅಚ್ಚಾಯಿತು. ಅದ್ದೂರಿತನಕ್ಕೆ ಕಡಿವಾಣ ಹಾಕಲು ಹೊರಟ ಸರ್ಕಾರ 1842ರ ಸುಮಾರಿಗೆ ಒಂದು ಹಾಳೆಯನ್ನು 16 ಮೊನ್ ನಾಣ್ಯಕ್ಕಿಂತ ಹೆಚ್ಚಿಗೆ ಮಾರಬಾರದೆಂದು ಕಟ್ಟಳೆ ತಂದಿತು. ಬೀದಿ ಬದಿಯಲ್ಲಿ ಒಂದು ಬಟ್ಟಲು ಸೊಬಾ ಶಾವಿಗೆಗೆ ಆಗುತ್ತಿದ್ದ ಖರ್ಚು ಅದು.

ಹೊಕುಸಾಯ್‌ನ ಅಲೆ ಅಚ್ಚಾದದ್ದು 1831ರ ಆಸುಪಾಸಿನಲ್ಲಿ. ಆಗಷ್ಟೇ ಹೊರದೇಶದಿಂದ ಅಗ್ಗವಾಗಿ ಬರತೊಡಗಿದ್ದ ಪ್ರಷ್ಯನ್ ನೀಲಿಯನ್ನು ಅದಕ್ಕೆ ಧಾರಾಳವಾಗಿ ಬಳಸಿದರು. ಬ್ರಿಟಿಷ್ ಮ್ಯೂಸಿಯಂನ ವಿಜ್ಞಾನಿ ಕ್ಯಾಪುಸಿನ್ ಕೊರೆನ್‌ಬರ್ಗ್ ಅವರ ಅಂದಾಜಿನಂತೆ ಈ ಚಿತ್ರದ ಎಂಟು ಸಾವಿರದಷ್ಟು ಪ್ರತಿಗಳು ಅಚ್ಚಾಗಿರಬಹುದು. ಜಗತ್ತಿನಲ್ಲಿ ಉಳಿದಿರುವವುಗಳನ್ನು ಹುಡುಕಿದಾಗ ಅವರಿಗೆ ಸಿಕ್ಕಿದ್ದು 111. ಮಿಕ್ಕವು ಗೋಡೆಗೆ ಅಂಟಿ ಬಿಸಿಲಿಗೆ ಬಿಳಿಚಿಕೊಂಡವು, ಬೆಂಕಿಗೆ, ಭೂಕಂಪಕ್ಕೆ, ಹುಳುಗಳಿಗೆ ಆಹುತಿಯಾದವು. ಉಳಿದವು ಉಳಿದದ್ದು ಯಾರೋ ಒಬ್ಬರು ಬಿಡಿಗಾಸಿನ ಈ ಹಾಳೆಯನ್ನು ಎಸೆಯದೆ ಮಡಿಸಿಟ್ಟಿದ್ದರಿಂದ. ಸರ್ಕಾರಗಳೂ ಮ್ಯೂಸಿಯಂಗಳೂ ಕಣ್ಣು ಬಿಡುವ ಮೊದಲೇ ಖಾಸಗಿ ಆಸೆಬುರುಕರು ಮಾಡಿದ ಉಪಕಾರ ಇದು.

ಆ ಆಸೆಬುರುಕರ ಪೈಕಿ ಬಹುಪಾಲು ಜನ ಯುರೋಪು ಮತ್ತು ಅಮೆರಿಕದವರು. 1878ರ ಪ್ಯಾರಿಸ್ ಮಹಾಮೇಳಕ್ಕೆ ದುಭಾಷಿಯಾಗಿ ಬಂದ ಹಯಾಶಿ ತಾದಾಮಾಸಾ ಅಲ್ಲೇ ಅಂಗಡಿ ಹಾಕಿ, ಹತ್ತು ಹನ್ನೊಂದು ವರ್ಷಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮರದಚ್ಚು ಚಿತ್ರಗಳನ್ನು ತರಿಸಿ ಮಾರಿದ. ಅವನು ಒಳ್ಳೆಯ ಪ್ರತಿಗಳ ಮೇಲೆ ಒತ್ತುತ್ತಿದ್ದ ಪುಟ್ಟ ಮುದ್ರೆ ಇದ್ದರೆ ಇಂದಿಗೂ ಹರಾಜಿನಲ್ಲಿ ಆ ಹಾಳೆಯ ತೂಕವೇ ಬೇರೆ. ಆ ಕಾಲದಲ್ಲಿ ಪ್ಯಾರಿಸ್ಸಿನಲ್ಲಿದ್ದ ವ್ಯಾನ್ ಗೋ ಮತ್ತು ಅವನ ತಮ್ಮ ಥಿಯೊ ಇಂಥ ನೂರಾರು ಚಿತ್ರಗಳನ್ನು ಅಗ್ಗದಲ್ಲಿ ಕೊಂಡರು. 1887ರಲ್ಲಿ ಒಂದು ಕೆಫೆಯಲ್ಲಿ ಅವುಗಳ ಪ್ರದರ್ಶನವನ್ನೂ ಏರ್ಪಡಿಸಿದರು. ವ್ಯಾಪಾರವೇನೋ ಕುದುರಲಿಲ್ಲ. ಮಾರಾಟವಾಗದೆ ಉಳಿದ ಸರಕು ಈಗ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನ ಹೆಮ್ಮೆ.

ಸಂಗ್ರಹ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಆ ಕಾಲದವರೇ ಎರಡು ತುದಿಯ ಉತ್ತರ ಕೊಟ್ಟಿದ್ದಾರೆ.

ಒಂದು ತುದಿಯಲ್ಲಿ ಫ್ರೆಂಚ್ ಲೇಖಕ ಎದ್ಮೊಂ ದ ಗೊಂಕೂರ್. ಜಪಾನಿನ ಚಿತ್ರಕಾರರಾದ ಉತಾಮಾರೊ ಮತ್ತು ಹೊಕುಸಾಯ್ ಕುರಿತು ಫ್ರೆಂಚಿನಲ್ಲಿ ಮೊದಮೊದಲ ಪುಸ್ತಕಗಳನ್ನು ಬರೆದವನು. 1896ರಲ್ಲಿ ತೀರಿಕೊಂಡಾಗ ಅವನ ಉಯಿಲಿನಲ್ಲಿದ್ದ ಅಪ್ಪಣೆ ಖಡಾಖಂಡಿತವಾಗಿತ್ತು. ತಾನು ಕೂಡಿಟ್ಟದ್ದು ಮ್ಯೂಸಿಯಂ ಎಂಬ ಗೋರಿ ಸೇರಕೂಡದು, ಬೇಜಾರು ಕಳೆಯಲು ಬಂದವರ ನೋಟಕ್ಕೆ ಸಿಕ್ಕಬಾರದು. ಎಲ್ಲವೂ ಹರಾಜಾಗಿ, ಪ್ರತಿಯೊಂದನ್ನೂ ಕೊಳ್ಳುವಾಗ ತನಗಾದ ಸುಖ ತನ್ನದೇ ಅಭಿರುಚಿಯ ಇನ್ನೊಬ್ಬರಿಗೆ ಸಿಗಬೇಕು. 1897ರಲ್ಲಿ ಪ್ಯಾರಿಸ್ಸಿನಲ್ಲಿ ಹಾಗೆಯೇ ಹರಾಜು ನಡೆಯಿತು. ಬಂದ ಹಣ ಅವನ ಇಚ್ಛೆಯಂತೆ ಗೊಂಕೂರ್ ಅಕಾಡೆಮಿಗೆ ಹೋಯಿತು. 1903ರಿಂದ ಆ ಅಕಾಡೆಮಿ ಕೊಡುತ್ತಿರುವ ಕಾದಂಬರಿ ಪ್ರಶಸ್ತಿಯ ಮೊತ್ತ ಈಗ ಕೇವಲ ಹತ್ತು ಯೂರೊ. ಗೌರವಕ್ಕೆ ಮಾತ್ರ ಫ್ರಾನ್ಸಿನಲ್ಲಿ ಅದಕ್ಕೆ ಸಾಟಿಯಿಲ್ಲ.

ಇನ್ನೊಂದು ತುದಿಯಲ್ಲಿ ಬಾಸ್ಟನ್ನಿನ ಸ್ಪಾಲ್ಡಿಂಗ್ ಸಹೋದರರು, ವಿಲಿಯಂ ಮತ್ತು ಜಾನ್. ಅವರು 1921ರಲ್ಲಿ ತಮ್ಮ ಆರು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಊರಿನ ಲಲಿತಕಲಾ ಮ್ಯೂಸಿಯಂಗೆ ದಾನ ಕೊಟ್ಟರು. ಷರತ್ತು ಒಂದೇ: ಎಂದಿಗೂ ಸಾರ್ವಜನಿಕ ಪ್ರದರ್ಶನಕ್ಕೆ ಇಡಬಾರದು! ಕೇಳಿದರೆ ವಿಚಿತ್ರವೆನಿಸುತ್ತದೆ. ಆದರೆ ಅವರಿಗೆ ತಮ್ಮ ಚಿತ್ರಗಳ ಸ್ವಭಾವ ಗೊತ್ತಿತ್ತು. ಕುಸುಬೆ ಹೂವಿನಿಂದ ತೆಗೆದ ಕೆಂಪು ಬೆಳಕಿಗೆ ಬಿಳಿಚಿಕೊಳ್ಳುತ್ತದೆ. ಹೂವಿನಿಂದಲೇ ತೆಗೆಯುತ್ತಿದ್ದ ಹಳೆಯ ನೀಲಿ, ತೇವ ಬೆಳಕು ಎರಡಕ್ಕೂ ಸೋತು ಮಾಸಲು ಹಳದಿಗೆ ತಿರುಗುತ್ತದೆ. ಇವೆರಡನ್ನೂ ಬೆರೆಸಿ ಮಾಡಿದ ನೇರಳೆ ಕಂದಾಗುತ್ತದೆ. ಇನ್ನೂರೈವತ್ತು ವರ್ಷದ ಹಿಂದೆ ಹರುನೊಬುವಿನ ಚಿತ್ರ ನಿಜವಾಗಿ ಯಾವ ಬಣ್ಣದಲ್ಲಿತ್ತು ಎಂದು ತಿಳಿಯಬೇಕಾದ ವಿದ್ವಾಂಸರು ಇಂದು ಹೋಗಿ ನೋಡುವ ಜಾಗಗಳಲ್ಲಿ ಸ್ಪಾಲ್ಡಿಂಗ್ ಸಂಗ್ರಹ ಮುಖ್ಯವಾದದ್ದು.

ಮ್ಯೂಸಿಯಂಗೆ ಕೊಟ್ಟರೆ ಎಲ್ಲರೂ ನೋಡಬಹುದು ಎಂಬ ವಾದಕ್ಕೆ ಇಲ್ಲೇ ಪೆಟ್ಟು ಬೀಳುತ್ತದೆ. ಷರತ್ತೇ ಇಲ್ಲದ ಮ್ಯೂಸಿಯಂಗಳೂ ಈ ಚಿತ್ರಗಳನ್ನು ವರ್ಷಪೂರ್ತಿ ತೂಗುಹಾಕುವಂತಿಲ್ಲ. ಬ್ರಿಟಿಷ್ ಮ್ಯೂಸಿಯಂ ತನ್ನ ಅಲೆಯನ್ನು ಐದು ವರ್ಷದಲ್ಲಿ ಹೆಚ್ಚೆಂದರೆ ಆರು ತಿಂಗಳು ಹೊರಗಿಡುತ್ತದೆ. ಮಿಕ್ಕ ಕಾಲವೆಲ್ಲ ಅದು ಕತ್ತಲ ಪೆಟ್ಟಿಗೆಯಲ್ಲೇ. ಸಂಗ್ರಹಕಾರನ ಬೀರುವಿನಲ್ಲಿದ್ದರೂ ಅಷ್ಟೇ ಕತ್ತಲೆ. ಒಂದೇ ಚಿತ್ರಕ್ಕೆ ಅನೇಕ ಪ್ರತಿಗಳಿರುವಾಗ ಪ್ರತಿಯೊಂದೂ ಸರ್ಕಾರಿ ಛಾವಣಿಯ ಕೆಳಗೇ ಇರಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಹಾಗಂತ ಗೊಂಕೂರ್ ಹೇಳಿದ್ದೇ ಪೂರ್ಣ ಸತ್ಯವೂ ಅಲ್ಲ. ಅವನ ಕಾಲದಲ್ಲಿ ಹರಾಜಿನ ಮುಂದಿನ ಸಾಲಿನಲ್ಲಿ ಒಬ್ಬ ಬರಹಗಾರನೋ ಒಡವೆ ವ್ಯಾಪಾರಿಯೋ ಕೂತು ಸವಾಲು ಕೂಗಬಹುದಿತ್ತು. ಬ್ರಿಟಿಷ್ ಮ್ಯೂಸಿಯಂ 2008ರಲ್ಲಿ ಅಲೆಯ ಒಂದು ಒಳ್ಳೆಯ ಪ್ರತಿಯನ್ನು 1,30,000 ಪೌಂಡಿಗೆ ಕೊಂಡಿತು, ಅದೂ ದಾನಿ ಸಂಸ್ಥೆಯ ನೆರವಿನಿಂದ. ಹದಿನೈದು ವರ್ಷಗಳೊಳಗೆ ನ್ಯೂಯಾರ್ಕಿನಲ್ಲಿ ಇನ್ನೊಂದು ಪ್ರತಿಗೆ ಬಿದ್ದ ಬೆಲೆ ಅದರ ಹತ್ತು ಪಟ್ಟಿಗೂ ಹೆಚ್ಚು. 2025ರ ನವೆಂಬರಿನಲ್ಲಿ ಹಾಂಕಾಂಗಿನ ಸೋದಬೀಸ್ ಹರಾಜಿನಲ್ಲಿ ಮತ್ತೊಂದು ಪ್ರತಿ ಸುಮಾರು 28 ಲಕ್ಷ ಡಾಲರ್ ತಂದು ಆ ದಾಖಲೆಯನ್ನೂ ಮುರಿಯಿತು. ಈ ಓಟದಲ್ಲಿ ಸಾರ್ವಜನಿಕ ದುಡ್ಡಿನ ಮ್ಯೂಸಿಯಂ ಓಡಲಾರದು. ಅಭಿರುಚಿಯ ವಾರಸುದಾರನಿಗೆ ಸಿಗಲಿ ಎಂದು ಗೊಂಕೂರ್ ಬಯಸಿದ್ದ; ಈಗ ಸಿಗುತ್ತಿರುವುದು ಖಜಾನೆ ತುಂಬಿದವನಿಗೆ. ಇಬ್ಬರೂ ಒಬ್ಬನೇ ಆಗಿದ್ದರೆ ಅದು ಚಿತ್ರದ ಅದೃಷ್ಟ.

ಇಷ್ಟಕ್ಕೂ ಸಂಗ್ರಹಗಳು ಹರಾಜಿಗೆ ಬರುವುದು ಯಾರದೋ ತತ್ವದಿಂದಲ್ಲ. ಸಾವು, ಸಾಲ, ಸೋಡಚೀಟಿ ಇವು ಮೂರೇ ಹರಾಜು ಮನೆಗಳ ಅನ್ನದಾತರು. ಹಾಂಕಾಂಗಿಗೆ ಬಂದ ಆ ಪ್ರತಿ ಜಪಾನಿನ ಹಕೋನೆಯಲ್ಲಿರುವ ಒಕಾಡ ಮ್ಯೂಸಿಯಂನದು. ಶ್ರೀಮಂತ ಸಂಸ್ಥಾಪಕರ ವಕೀಲರ ಬಾಕಿ ತೀರಿಸಲು ಅಲ್ಲಿನ 125 ಕೃತಿಗಳು ಒಟ್ಟಿಗೆ ಮಾರಾಟಕ್ಕೆ ಬಂದವು. ಮ್ಯೂಸಿಯಂ ಎಂಬ ಫಲಕ ಹಾಕಿದ ಮಾತ್ರಕ್ಕೆ ಸಂಗ್ರಹಕ್ಕೆ ಅಭಯ ಸಿಕ್ಕಿತು ಎನ್ನುವಂತಿಲ್ಲ.

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಥೆಯೂ ಇಂಥದೇ. ಟೋಕಿಯೊದಲ್ಲಿ ಇಂಪೀರಿಯಲ್ ಹೋಟೆಲ್ ಕಟ್ಟಿದ ಈತ ಮರದಚ್ಚು ಚಿತ್ರಗಳ ಹುಚ್ಚನೂ ಹೌದು, ವ್ಯಾಪಾರಿಯೂ ಹೌದು. ಸ್ಪಾಲ್ಡಿಂಗ್ ಸಹೋದರರ ಸಂಗ್ರಹಕ್ಕೆ ಚಿತ್ರಗಳನ್ನು ಕೊಂಡುಕೊಟ್ಟವನೇ ಇವನು. ಸಾಲ ಕುತ್ತಿಗೆಗೆ ಬಂದಾಗ 1927ರ ಜನವರಿಯಲ್ಲಿ ನ್ಯೂಯಾರ್ಕಿನ ಆಂಡರ್ಸನ್ ಗ್ಯಾಲರಿಯಲ್ಲಿ ಇವನ ಚಿತ್ರಗಳು 346 ಲಾಟ್‌ಗಳಾಗಿ ಬಿಕರಿಯಾದವು. ಎಲ್ಲ ಸೇರಿ ಬಂದದ್ದು 37 ಸಾವಿರ ಡಾಲರಿಗೂ ಕಡಿಮೆ. ಅದೂ ಸಾಲ ಕೊಟ್ಟವರ ಪಾಲಾಯಿತು.

ಹರಾಜು ಹೇಗೆ ನಡೆಯಬೇಕು ಎಂಬುದಕ್ಕೆ ಅತ್ಯುತ್ತಮ ಪಾಠ ಪ್ಯಾರಿಸ್ಸಿನ ಒಡವೆ ವ್ಯಾಪಾರಿ ಆನ್ರಿ ವೆವೇರ್‌ನ ಸಂಗ್ರಹದಲ್ಲಿದೆ. 1920ರಲ್ಲಿ ವೆವೇರ್ ತನ್ನ ಸುಮಾರು ಎಂಟು ಸಾವಿರ ಚಿತ್ರಗಳನ್ನು ಒಟ್ಟಿಗೇ ಜಪಾನಿನ ಹಡಗು ಉದ್ಯಮಿ ಮಾತ್ಸುಕಾತಾ ಕೋಜಿರೊಗೆ ಮಾರಿದ. ಮುಂದೆ ಮಾತ್ಸುಕಾತಾನ ಉದ್ಯಮ ಕುಸಿದರೂ ಆ ರಾಶಿ ಒಡೆಯದೆ ಕೈ ದಾಟುತ್ತಾ ಟೋಕಿಯೊ ನ್ಯಾಷನಲ್ ಮ್ಯೂಸಿಯಂ ಸೇರಿತು. ಜಪಾನಿನ ಚಿತ್ರಗಳೆಲ್ಲ ಪರದೇಶಕ್ಕೆ ಹೋದವು ಎಂದು ಕೊರಗುವವರು ಗಮನಿಸಬೇಕಾದ ಸಂಗತಿ ಇದು. ಆ ಮ್ಯೂಸಿಯಂನ ಮರದಚ್ಚು ಸಂಗ್ರಹದ ಬೆನ್ನೆಲುಬು ಪ್ಯಾರಿಸ್ಸಿನಿಂದ ದುಡ್ಡು ಕೊಟ್ಟು ತಂದದ್ದು. ಟೋಕಿಯೊದಲ್ಲೇ 1980ರಲ್ಲಿ ಬಾಗಿಲು ತೆರೆದ ಓಟಾ ಸ್ಮಾರಕ ಮ್ಯೂಸಿಯಂ ಕೂಡ ಒಬ್ಬ ವಿಮಾ ಉದ್ಯಮಿ ಜೀವಮಾನವಿಡೀ ಕೊಂಡು ಕೂಡಿಸಿದ ಸುಮಾರು ಹನ್ನೆರಡು ಸಾವಿರ ಚಿತ್ರಗಳ ಮೇಲೆ ನಿಂತಿದೆ. ಚಿತ್ರಗಳನ್ನು ಊರು ಬಿಡಿಸಿದ್ದೂ ಮಾರುಕಟ್ಟೆಯೇ, ಊರಿಗೆ ಮರಳಿಸಿದ್ದೂ ಮಾರುಕಟ್ಟೆಯೇ.

ವೆವೇರ್ ತನ್ನ ಬಳಿಯೇ ಉಳಿಸಿಕೊಂಡ ಚಿತ್ರಗಳು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ ಲಂಡನ್ನಿನ ಸೋದಬೀಸ್‌ಗೆ ಬಂದವು. 1974, 1975, 1977 ಮತ್ತು 1997, ನಾಲ್ಕು ಕಂತಿನಲ್ಲಿ ಹರಾಜು. ಹಾಳೆಗಳೇನೋ ಹತ್ತು ದಿಕ್ಕಿಗೆ ಹಾರಿಹೋದವು. ಆದರೆ 1976ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜ್ಯಾಕ್ ಹಿಲಿಯರ್ ಈ ಸಂಗ್ರಹದ ಮೇಲೆ ಮೂರು ಸಂಪುಟಗಳ ಸಚಿತ್ರ ಗ್ರಂಥವನ್ನೇ ಹೊರತಂದ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ವೆವೇರ್‌ನ ಹಾಳೆಯೊಂದು ಕಾಣಿಸಿಕೊಂಡರೂ ಆ ಸಂಪುಟ ತೆಗೆದು ತಾಳೆ ನೋಡಬಹುದು. ಸಂಗ್ರಹ ಕರಗಿದರೂ ಅದರ ರೂಪ ಕಾಗದದ ಮೇಲೆ ಉಳಿದಿದೆ.

ಆ ರೂಪ ಯಾಕೆ ಮುಖ್ಯ? ಮರದಚ್ಚು ಚಿತ್ರದ ವಿದ್ಯೆಯೆಲ್ಲ ಹೋಲಿಕೆಯ ಮೇಲೆ ನಿಂತಿದೆ. ರಾಗಿ ಕಲ್ಲು ತಿರುಗಿ ತಿರುಗಿ ಸವೆದಂತೆ ಅಚ್ಚಿನ ಹಲಗೆಯೂ ಪ್ರತಿ ತಿಕ್ಕಿಗೆ ಸವೆಯುತ್ತದೆ. ಮೊದಲ ಪ್ರತಿಗಳಲ್ಲಿ ಗೆರೆ ಕೂದಲಿನಷ್ಟು ನಯ, ಆಕಾಶದಲ್ಲಿ ಬಣ್ಣ ಮೆಲ್ಲಗೆ ಕರಗುವ ಛಾಯೆ, ಹಲಗೆಯ ಮರದ ನರವೂ ಕೆಲವೊಮ್ಮೆ ಕಾಣುತ್ತದೆ. ತಡವಾಗಿ ತೆಗೆದ ಪ್ರತಿಗಳಲ್ಲಿ ಗೆರೆ ತುಂಡಾಗಿರುತ್ತದೆ, ಛಾಯೆ ಮಾಯವಾಗಿರುತ್ತದೆ. ಅಲೆಯ ಚಿತ್ರದಲ್ಲಿ ಹೆಸರು ಬರೆದ ಚೌಕದ ಅಂಚು ಎಲ್ಲಿ ಮುರಿದಿದೆ ಎಂಬುದನ್ನು ನೋಡಿಯೇ ಪ್ರತಿ ಯಾವ ಹಂತದ್ದೆಂದು ತಜ್ಞರು ಹೇಳುತ್ತಾರೆ. ಹೀಗೆ ಹೇಳಲು ಹತ್ತಾರು ಪ್ರತಿಗಳ ಸ್ಪಷ್ಟ ಫೋಟೊ ಅಕ್ಕಪಕ್ಕದಲ್ಲಿರಬೇಕು. ಜಾನ್ ರೆಸಿಗ್ ಎಂಬ ಕಂಪ್ಯೂಟರ್ ಪ್ರೋಗ್ರಾಮರ್ 2012ರಲ್ಲಿ ಮ್ಯೂಸಿಯಂಗಳ ಜೊತೆಗೆ ಮಾರಾಟಗಾರರು ಮತ್ತು ಹರಾಜು ಮನೆಗಳ ಚಿತ್ರಗಳನ್ನೂ ಸೇರಿಸಿ ಎರಡು ಲಕ್ಷಕ್ಕೂ ಹೆಚ್ಚು ಮರದಚ್ಚುಗಳನ್ನು ಹೋಲಿಸಿ ನೋಡುವ ವ್ಯವಸ್ಥೆ ಮಾಡಿದ. ಒಬ್ಬ ಉತ್ಸಾಹಿಗೆ ಸಾಧ್ಯವಾದದ್ದು ನೂರಾರು ಕೋಟಿ ವಹಿವಾಟಿನ ಸಂಸ್ಥೆಗಳಿಗೆ ಅಸಾಧ್ಯವೇನಲ್ಲ.

ದಾಖಲೆ ಮೋಸಕ್ಕೂ ಮದ್ದು. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ರೈಟ್ ಅಮೆರಿಕದ ಸಂಗ್ರಹಕಾರರಿಗೆ ಮಾರಿದ್ದ ಕೆಲವು ಚಿತ್ರಗಳಲ್ಲಿ ಮಾಸಿದ ಬಣ್ಣದ ಮೇಲೆ ಹೊಸ ಬಣ್ಣ ಒತ್ತಿದ್ದು ಬಯಲಿಗೆ ಬಂದು ದೊಡ್ಡ ಗದ್ದಲವಾಯಿತು. ಅವನು ಜಪಾನಿನಲ್ಲಿ ತಾನೇ ಮೋಸ ಹೋಗಿದ್ದ. ಕೊಂಡವರಿಗೆ ನಷ್ಟ ತುಂಬಿಕೊಡಬೇಕಾಯಿತು. ಹಳೆಯ ಹಾಳೆಯ ಚಿತ್ರ ಮೊದಲೇ ದಾಖಲಾಗಿದ್ದರೆ ಇಂಥ ಕೈಚಳಕ ನಡೆಯುವುದು ಕಷ್ಟ.

ಚದುರಿದ ಮೇಲೆ ಮರಳಿ ಸಿಗದ ಇನ್ನೊಂದಿದೆ, ಕೂಡಿಸಿದವನ ಆಯ್ಕೆ. ಅಮೆರಿಕದ ಕವಿ ಲೂಯಿ ಲೆಡೂ ತನ್ನ ಬಳಿ 250 ಚಿತ್ರಗಳಿಗಿಂತ ಹೆಚ್ಚು ಇಟ್ಟುಕೊಳ್ಳುತ್ತಿರಲಿಲ್ಲ. ಹೊಸದೊಂದು ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. ಹಾಗಿರುವಾಗ ಆ ಪಟ್ಟಿಯೇ ಒಂದು ವಿಮರ್ಶೆ. ಏನನ್ನು ಉಳಿಸಿಕೊಂಡ, ಏನನ್ನು ಬಿಟ್ಟ ಎಂಬುದರಲ್ಲಿ ಅವನ ತೀರ್ಪಿದೆ. ಲೆಡೂ ಬದುಕಿದ್ದಾಗಲೇ ತನ್ನ ಚಿತ್ರಗಳ ಕುರಿತು ವಿವರವಾದ ಕ್ಯಾಟಲಾಗುಗಳನ್ನು ಬರೆದದ್ದರಿಂದ ಆ ತೀರ್ಪು ನಮಗೆ ಸಿಕ್ಕಿದೆ. ಬರೆಯದೆ ಹೋದ ನೂರಾರು ಸಂಗ್ರಹಕಾರರದು ಅವರೊಂದಿಗೇ ಹೋಯಿತು.

ಆದ್ದರಿಂದ ಕೇಳಬೇಕಾದದ್ದು ಹರಾಜು ನಿಲ್ಲಿಸಿ ಎಂದಲ್ಲ. ಒಬ್ಬನೇ ಕೂಡಿಸಿದ ಸಂಗ್ರಹ ಮಾರಾಟಕ್ಕೆ ಬಂದಾಗ ಹರಾಜು ಮನೆ ಮೂರು ಕೆಲಸ ಮಾಡಲಿ. ಮೊದಲನೆಯದು, ಬೆಲೆಬಾಳುವ ಹತ್ತಿಪ್ಪತ್ತನ್ನು ಮಾತ್ರ ಆರಿಸದೆ ಎಲ್ಲ ಹಾಳೆಗಳ ಹಿಂದು ಮುಂದಿನ ಫೋಟೊ, ಮುದ್ರೆ, ಹುಳು ತಿಂದ ತೂತು, ಕತ್ತರಿಸಿದ ಅಂಚು, ಹಿಂದಿನ ಒಡೆಯರ ವಿವರ ಸಮೇತ ಒಂದು ಪಟ್ಟಿ ಮಾಡಿ ಯಾರು ಬೇಕಾದರೂ ಶಾಶ್ವತವಾಗಿ ನೋಡುವಂತೆ ಇಡಲಿ. ಎರಡನೆಯದು, ಪೂರ್ಣ ಸರಣಿಗಳನ್ನು ಒಡೆಯುವ ಮುಂಚೆ ಒಂದೇ ಲಾಟ್ ಆಗಿ ಕೂಗಲಿ. 2024ರಲ್ಲಿ ಸಿಂಗ್ ಅವರ ಸೆಟ್ ವಿಷಯದಲ್ಲಿ ಆದದ್ದು ಹೀಗೆಯೇ. ಮೂರನೆಯದು, ದೊಡ್ಡ ಮೊತ್ತ ತಕ್ಷಣ ಹೊಂದಿಸಲಾಗದ ಮ್ಯೂಸಿಯಂಗಳಿಗೆ ಹರಾಜಿಗೆ ಕೆಲವು ತಿಂಗಳು ಮೊದಲೇ ಸುದ್ದಿ ಮುಟ್ಟಿಸಲಿ. ಮಾರುವ ಕುಟುಂಬವೂ ಒಪ್ಪಂದಕ್ಕೆ ಸಹಿ ಹಾಕುವಾಗಲೇ ಇದನ್ನು ಷರತ್ತಾಗಿ ಬರೆಸಬಹುದು. ಸಂಗ್ರಹ ಯಾರಿಗೆ ಸಿಗಬೇಕೆಂದು ಹರಾಜು ಮನೆಗಳು ಪೈಪೋಟಿ ನಡೆಸುವ ಆ ಕೆಲವು ವಾರ ಕುಟುಂಬದ ಮಾತಿಗೆ ಬಲವಿರುತ್ತದೆ.

ಇದಕ್ಕೆಲ್ಲ ಖರ್ಚು ಯಾರದು ಎಂಬ ಪ್ರಶ್ನೆ ಏಳುತ್ತದೆ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆಯೇ ಬೇರೆ, ಕೊಂಡವನು ತೆರುವ ಬೆಲೆಯೇ ಬೇರೆ. ಕ್ರಿಸ್ಟೀಸ್‌ನ 2023ರ ದರದಂತೆ ಮೊದಲ ಹತ್ತು ಲಕ್ಷ ಡಾಲರಿಗೆ ನೂರಕ್ಕೆ 26, ಅದರ ಮೇಲೆ 60 ಲಕ್ಷ ಡಾಲರಿನವರೆಗಿನ ಮೊತ್ತಕ್ಕೆ ನೂರಕ್ಕೆ 20 ಕೊಳ್ಳುವವನ ಕಮಿಷನ್. ಆ ಲೆಕ್ಕದಲ್ಲಿ 27 ಲಕ್ಷ 60 ಸಾವಿರದ ಅಲೆಗೆ ಸುತ್ತಿಗೆ ಬಿದ್ದದ್ದು 22 ಲಕ್ಷ 50 ಸಾವಿರ ಡಾಲರಿಗೆ. ಮಿಕ್ಕ 5 ಲಕ್ಷ 10 ಸಾವಿರ ಡಾಲರ್ ಒಂದೇ ಹಾಳೆಯಿಂದ ಹರಾಜು ಮನೆಗೆ ಬಂದ ಕಮಿಷನ್. ಇಡೀ ಸಂಗ್ರಹವೊಂದರ ಫೋಟೊ ತೆಗೆಸಿ ಪಟ್ಟಿ ಬರೆಸಲು ತಜ್ಞರಿಗೆ ಸಂಬಳ ಕೊಡುವಷ್ಟು ಹಣ ಅದರಲ್ಲಿದೆ.